ಸಣ್ಣಸ್ವಾಮಿ ಮತ್ತು ಬೆಂಕಿ ಕೊಕ್ಕರೆ

ಗುಡ್ಡೆಹೊಸೂರಿನ ಮೋಟಾರ್ ವೈಂಡಿಂಗ್ ಸಣ್ಣಸ್ವಾಮಿ ಇಂಗ್ಲೆಂಡಿನ ರಾಕ್ ಬ್ಯಾಂಡೊಂದರ ಅಭಿಮಾನಿಯಾದದ್ದು ಅಳತೆ ತಪ್ಪಿದ ಒಂದು ಟೀ ಶರ್ಟಿನಿಂದ.

ಅದನ್ನು ತರಿಸಿದವಳು ಮಗಳು ಅನುಶ್ರೀ. ಬಿ.ಎಸ್ಸಿ. ಓದುತ್ತಿದ್ದ ಈ ಹುಡುಗಿ ದಿನಾ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕಾಲೇಜಿಗೆ ಹೋಗಿಬರುವಾಗ ಯಾವುದೋ ಗಳಿಗೆಯಲ್ಲಿ ‘ಬರ್ನಿಂಗ್ ಹೆರನ್ಸ್’ ಎಂಬ ಬ್ಯಾಂಡಿಗೆ ಮರುಳಾಗಿಬಿಟ್ಟಿದ್ದಳು. ಆ ಬ್ಯಾಂಡಿನವರು ಹಾಡಲು ಶುರುಮಾಡಿದಾಗ ಅವಳಿರಲಿ, ಅವಳ ಅಪ್ಪನೇ ಇನ್ನೂ ಹುಟ್ಟಿರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಟೀ ಶರ್ಟು ಅವಳಂಥವರು ಇಬ್ಬರು ಹಿಡಿಸುವಷ್ಟು ದೊಡ್ಡದಾಗಿ ಬಂತು. ವಾಪಸ್ ಕಳಿಸುವ ಗಡುವು ದಾಟಿದ್ದರಿಂದ ತಾಯಿ ಚಲುವಮ್ಮ ಅದನ್ನು ಗಂಡನಿಗೆ ಕೊಟ್ಟು, "ಅಂಗಡೀಲಿ ಹಾಕ್ಕಳಿ, ಗ್ರೀಸ್ ಕಾಣಕ್ಕಿಲ್ಲ" ಎಂದಳು. ಕಪ್ಪು ಬಟ್ಟೆ. ಎದೆಯ ಮೇಲೆ ಒಂಟಿಗಾಲಲ್ಲಿ ನಿಂತ ಕೊಕ್ಕರೆ, ಅದರ ಬಾಲಕ್ಕೆ ಬೆಂಕಿ. ಸಣ್ಣಸ್ವಾಮಿ ಅದನ್ನು ಯಾವುದೋ ಸೊಳ್ಳೆಬತ್ತಿ ಕಂಪನಿಯ ಜಾಹೀರಾತು ಎಂದುಕೊಂಡು ಹಾಕಿಕೊಂಡ.

ಅದು ಗಿಡ ಹೂ ಬಿಡಲೆಂದು ಕಾಫಿ ತೋಟಗಳಿಗೆ ನೀರು ಹಾರಿಸುವ ಕಾಲ. ಮಳೆ ಕೈಕೊಟ್ಟರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಓಡಿಸಬೇಕು. ಓಡಿಸಿದರೆ ಮೋಟಾರ್ ಸುಡಬೇಕು. ಸುಟ್ಟರೆ ಸಣ್ಣಸ್ವಾಮಿಯ ಅಂಗಡಿಗೆ ಬರಬೇಕು. ಹಾಗೆ ಒಂದು ಬೆಳಿಗ್ಗೆ ಚೆಟ್ಟಳ್ಳಿ ಕಡೆಯ ಎಸ್ಟೇಟ್ ಮಾಲೀಕ ಜಯಪ್ರಕಾಶ್ ಸುಟ್ಟ ಮೋಟಾರನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ವಯಸ್ಸು ಎಪ್ಪತ್ತು ದಾಟಿತ್ತು, ಮಾತು ಕಡಿಮೆ, ಗತ್ತು ಜಾಸ್ತಿ. ಅಂಗಡಿಯೊಳಗೆ ಒಂದು ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಸಣ್ಣಸ್ವಾಮಿ, ನೀವೂನಾ?" ಎಂದರು.

ಸಣ್ಣಸ್ವಾಮಿ ತಲೆತಗ್ಗಿಸಿ ಕಾಯಿಲ್ ಕಟ್ಟುತ್ತಿದ್ದ. "ನಾನೇ ಸಾರ್," ಎಂದ.

"ಎಷ್ಟು ವರ್ಷದಿಂದ?"

"ಮೀಸೆ ಬರೋಕೆ ಮುಂಚಿಂದಾನೂ ಸಾರ್."

"ಯಾರು ಹಿಡಿಸಿದ್ದು?"

"ನಮ್ಮ ಸೋದರಮಾವ. ಅರಕಲಗೂಡಲ್ಲಿ ಅವರದ್ದೇ ಅಂಗಡಿ ಇತ್ತು."

"ಅರಕಲಗೂಡಲ್ಲಿ!" ಜಯಪ್ರಕಾಶರ ಕಣ್ಣು ಅರಳಿತು. "ಅಲ್ಲ ಮಾರಾಯ, ನಾನು ಇಡೀ ಕೊಡಗಲ್ಲಿ ನಾನೊಬ್ಬನೇ ಅಂತ ತಿಳ್ಕೊಂಡಿದ್ದೆ. ನಿಮಗೆ ಹಳೇದು ಇಷ್ಟವೋ, ಆಮೇಲಿಂದೋ?"

"ಹಳೇದೇ ಸಾರ್. ಹಳೇದು ಎಷ್ಟು ಬಿಸಿಯಾದ್ರೂ ತಡೀತಿತ್ತು. ಆಮೇಲಿನದ್ರಲ್ಲಿ ತಾಮ್ರವೇ ಇಲ್ಲ."

ಜಯಪ್ರಕಾಶ್ ತಲೆಯ ಮೇಲಿನ ಟೋಪಿ ತೆಗೆದರು. "ತಾಮ್ರವೇ ಇಲ್ಲ," ಎಂದು ನಿಧಾನಕ್ಕೆ ಹೇಳಿಕೊಂಡರು. "ಎಂಥ ಮಾತು! ಆಮೇಲಿನ ರೆಕಾರ್ಡುಗಳಲ್ಲಿ ಏನೋ ಇಲ್ಲ, ಏನೋ ಇಲ್ಲ ಅಂತ ಇಷ್ಟು ವರ್ಷ ಒದ್ದಾಡ್ತಾ ಇದ್ದೆ. ಏನು ಅಂತ ಹೇಳ್ಲಿಕ್ಕೆ ಬರ್ತಿರಲಿಲ್ಲ. ತಾಮ್ರ!"

ಹೀಗೆಂದವರು ಮುಂದೆ ಬಂದು ಸಣ್ಣಸ್ವಾಮಿಯ ಗ್ರೀಸ್ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕುಲುಕಿ, ಅವನ ಎದೆಯ ಮೇಲಿನ ಕೊಕ್ಕರೆಯನ್ನು ಬೆರಳಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ ಎಂಬಂತೆ ನಿಂತರು. ಮಾತು ಮೋಟಾರಿನದ್ದಲ್ಲ, ಬನಿಯನ್ನಿನದ್ದು ಎಂದು ಸಣ್ಣಸ್ವಾಮಿಗೆ ಹೊಳೆದದ್ದು ಆಗ. ಬಾಯಿ ತೆರೆದು ನಿಜ ಹೇಳಲು ಅವಕಾಶವೂ ಇತ್ತು. ಆದರೆ ಇಷ್ಟು ವರ್ಷದ ಕಸುಬಿನಲ್ಲಿ ಎಸ್ಟೇಟಿನ ಯಾವ ಮಾಲೀಕನೂ ಅವನ ಕೈ ಮುಟ್ಟಿರಲಿಲ್ಲ. ಇವರು ಇನ್ನೂ ಬಿಟ್ಟಿರಲಿಲ್ಲ. ಸಣ್ಣಸ್ವಾಮಿ ಬಾಯಿ ಮುಚ್ಚಿದ.

ಸಂಜೆ ಇದನ್ನು ಕೇಳಿದ ಅನುಶ್ರೀ ಮೊದಲು ಸಿಟ್ಟಾದಳು. "ಅಪ್ಪಾ, ಅವರ ಒಂದೇ ಒಂದು ಹಾಡು ಹೇಳು ನೋಡೋಣ."

"ಹಾಡಾ? ಸೊಳ್ಳೆಬತ್ತಿಯವರು ಹಾಡ್ತಾರಾ?" ಎಂದ ಸಣ್ಣಸ್ವಾಮಿ.

ಆದರೆ ಜಯಪ್ರಕಾಶರ ಬಳಿ ಬರ್ನಿಂಗ್ ಹೆರನ್ಸರ ಮೊದಲ ರೆಕಾರ್ಡು, ಅಂದರೆ ಆ ಕಾಲದ ದೊಡ್ಡ ಕಪ್ಪು ತಟ್ಟೆಯೇ ಇದೆ, ಭಾನುವಾರ ಕೇಳಲು ಕರೆದಿದ್ದಾರೆ ಎಂದು ತಿಳಿದದ್ದೇ ಅವಳ ಸಿಟ್ಟು ಬಂದ ದಾರಿಯಲ್ಲಿ ಹೋಯಿತು. "ನೀನು ಏನೂ ಮಾತಾಡಬ್ಯಾಡ. ಕಣ್ಣು ಮುಚ್ಕೊಂಡು ಕೂತ್ಕೋ. ಕೇಳಿದ್ರೆ ತಾಮ್ರ ಅನ್ನು," ಎಂದು ಅಪ್ಪನನ್ನು ತಯಾರು ಮಾಡಿದಳು.

ಭಾನುವಾರ ಜೀಪು ಬಂತು. ಮತ್ತೊಂದು ಭಾನುವಾರವೂ ಬಂತು. ಅದೇ ವಾಡಿಕೆಯಾಯಿತು. ಎಸ್ಟೇಟ್ ಬಂಗಲೆಯಲ್ಲಿ ರೆಕಾರ್ಡಿನ ಮೇಲೆ ಮುಳ್ಳು ಕೂರುತ್ತಿದ್ದಂತೆ ಜಯಪ್ರಕಾಶರ ಹೆಂಡತಿ ಶರ್ಮಿಳಾ ಕೊಡೆ ಎತ್ತಿಕೊಂಡು ತೋಟದ ಕಡೆ ಹೊರಟುಬಿಡುತ್ತಿದ್ದರು. ಮದುವೆಯಾದಂದಿನಿಂದ ಅವರದ್ದು ಅದೇ ಕ್ರಮ. ಎಪ್ಪತ್ತರ ಮುದುಕರೂ ಇಪ್ಪತ್ತರ ಹುಡುಗಿಯೂ ಎದುರುಬದುರು ಕೂತು, ಈ ಹಾಡಿನಲ್ಲಿ ಡ್ರಮ್ಮು ಯಾಕೆ ತಡವಾಗಿ ಬರುತ್ತದೆ, ಆ ಹಾಡಿನ ಕೊನೆಯಲ್ಲಿ ಗಾಯಕ ಅತ್ತನೋ ನಕ್ಕನೋ ಎಂದು ಜಗಳವಾಡುತ್ತಿದ್ದರು. ಕಾಲೇಜು ಹಾಸ್ಟೆಲಿನಲ್ಲಿದ್ದಾಗ ಒಂದು ಮುರುಕು ರೆಕಾರ್ಡ್ ಪ್ಲೇಯರಿನಲ್ಲಿ ಮೊದಲ ಸಲ ಕೇಳಿದ್ದನ್ನು ಅವರು ಹೇಳಿದರೆ, ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಸಲ ಕೇಳಿ ತನ್ನ ಬಸ್ಸನ್ನೇ ತಪ್ಪಿಸಿಕೊಂಡದ್ದನ್ನು ಇವಳು ಹೇಳುತ್ತಿದ್ದಳು. ನಡುವಿನ ತಲೆಮಾರಿನ ಪ್ರತಿನಿಧಿಯಾದ ಸಣ್ಣಸ್ವಾಮಿ ಸೋಫಾದ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತು, ಹಾಗೇ ನಿದ್ದೆಹೋಗಿ, ಆಗಾಗ ತಲೆ ತೂಗುತ್ತಿದ್ದ.

"ನೋಡಮ್ಮ, ನಿನ್ನ ಅಪ್ಪ ಕೇಳುವ ಹಾಗೆ ಕೇಳಬೇಕು," ಎನ್ನುತ್ತಿದ್ದರು ಜಯಪ್ರಕಾಶ್. "ನಾವೆಲ್ಲ ಬರೀ ಮಾತಾಡುವವರು."

ಜೀಪು ಬಂದುಹೋಗುವುದನ್ನು ಊರು ನೋಡದೆ ಇರುತ್ತದೆಯೇ? ಪಕ್ಕದ ಮನೆಯ ಯಮುನಾ, "ಎಂಥದ್ದು ಅಕ್ಕ, ಅಣ್ಣ ವಾರಾವಾರ ಹೋಗ್ತಾರೆ, ಬರುವಾಗ ಮುಖದಲ್ಲಿ ಎಂಥದೋ ಒಂದು ಶಾಂತಿ ಉಂಟು. ಧ್ಯಾನವಾ?" ಎಂದು ಕೇಳಿದಳು. ಪಂಚಾಯಿತಿ ಮೆಂಬರ್ ಧರ್ಮೇಂದ್ರ, ಅದುವರೆಗೆ ಸಣ್ಣಸ್ವಾಮಿಯನ್ನು ಕಂಡರೆ ಬೈಕಿನ ಮೇಲಿಂದಲೇ ಹುಬ್ಬು ಹಾರಿಸುತ್ತಿದ್ದವನು, ಈಗ ಬೈಕು ನಿಲ್ಲಿಸಿ ನಮಸ್ಕಾರ ಹೇಳತೊಡಗಿದ.

ಇಲ್ಲಿ ಸಣ್ಣಸ್ವಾಮಿಯ ಅಣ್ಣನ ವಿಷಯ ಹೇಳಬೇಕು. ಅಣ್ಣ ರಾಜಣ್ಣ ಕೊಣನೂರಿನಾಚೆ ಅವರ ಮೂಲದ ಊರಿನಲ್ಲೇ ತಂಬಾಕು, ಹಸು ಎಂದುಕೊಂಡು ಇದ್ದ. ಗಂಟಲು ದೊಡ್ಡದು, ಹೊಲದಲ್ಲಿ ನಿಂತು ಊಟಕ್ಕೆ ಕೂಗಿದರೆ ಪಕ್ಕದ ಊರಿನವರೂ ಎದ್ದು ಬರಬೇಕು. ಅವನ ಹೊಸ ಮನೆಯ ಗೃಹಪ್ರವೇಶದ ದಿನ, ಜನ ಊಟ ಮುಗಿಸಿ ಪಾಯಸದ ಕೈ ತೊಳೆಯಲು ಎದ್ದಾಗ ನಲ್ಲಿಯಲ್ಲಿ ನೀರು ಬರಲಿಲ್ಲ. ಬೋರಿನ ಮೋಟಾರ್ ಸುಟ್ಟಿತ್ತು. ಅದನ್ನು ಹಿಂದಿನ ವಾರವಷ್ಟೇ ವೈಂಡಿಂಗ್ ಮಾಡಿಕೊಟ್ಟಿದ್ದವನು ಸಣ್ಣಸ್ವಾಮಿ. ರಾಜಣ್ಣ ಎಲ್ಲರ ಮುಂದೆ, "ಇದಕ್ಕೇನು ತಾಮ್ರ ಸುತ್ತಿದ್ದೀಯೋ, ಕನಕಾಂಬರದ ದಾರ ಸುತ್ತಿದ್ದೀಯೋ?" ಎಂದು ಕೂಗಿದ. ಕೈತುಂಬ ಪಾಯಸ ಮೆತ್ತಿಕೊಂಡ ನೆಂಟರೆಲ್ಲ ನಕ್ಕರು. ಸಣ್ಣಸ್ವಾಮಿ ಕೈ ತೊಳೆಯದೆ ಬಸ್ಸು ಹತ್ತಿದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಅಣ್ಣನೂ ಕರೆಯಲಿಲ್ಲ. ಅನುಶ್ರೀ ಆಗ ಇನ್ನೂ ಲಂಗ ಹಾಕುವ ಮಗು. ಈಗ ಎರಡು ಮನೆಗಳಲ್ಲಿ ಒಬ್ಬರ ಫೋನ್ ನಂಬರು ಇನ್ನೊಬ್ಬರ ಬಳಿ ಇರಲಿಲ್ಲ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಸಣ್ಣಸ್ವಾಮಿ ತಂತಿ ತರಲು ಕುಶಾಲನಗರಕ್ಕೆ ಹೋಗಿದ್ದ, ಫೋನು ಮನೆಯಲ್ಲೇ ಬಿಟ್ಟಿದ್ದ. ಅದು ಹೊಡೆದುಕೊಂಡಿತು. ಚಲುವಮ್ಮ ರೊಟ್ಟಿ ತಟ್ಟುವ ಕೈಯಲ್ಲೇ ಎತ್ತಿದಳು. ಆ ಕಡೆ ಜಯಪ್ರಕಾಶರ ಧ್ವನಿ ಬಿಕ್ಕುತ್ತಿತ್ತು.

"ಅಮ್ಮ, ರೋಜರ್ ಹನ್ನಾ ಹೋಗಿಬಿಟ್ಟರು."

ರೋಜರ್ ಹನ್ನಾ ಬರ್ನಿಂಗ್ ಹೆರನ್ಸರ ಮುಖ್ಯ ಗಾಯಕ. ಇದು ಜಗತ್ತಿಗೆ ಗೊತ್ತಿರಬಹುದು, ಚಲುವಮ್ಮನಿಗೆ ಗೊತ್ತಿರಲಿಲ್ಲ. ಅಳುವ ಗಂಟಲಿನಲ್ಲಿ ಆ ಹೆಸರು ಅವಳ ಕಿವಿಗೆ ಬಿದ್ದದ್ದು ರಾಜಣ್ಣ ಎಂದೇ.

"ಅಯ್ಯೋ, ಯಾವಾಗ ಸಾಮಿ?"

"ನಿನ್ನೆ ರಾತ್ರಿ ಅಂತೆ. ಹಾರ್ಟು. ಸಣ್ಣಸ್ವಾಮಿಗೆ ಹೇಗೆ ಹೇಳುವುದೋ ನನಗೆ ಗೊತ್ತಾಗ್ತಾ ಇಲ್ಲ. ನೀವು ಹೇಳಬೇಡಿ. ನಾನೇ ಬರ್ತೇನೆ."

ಕೊಣನೂರಿನ ಸುದ್ದಿ ಚೆಟ್ಟಳ್ಳಿಗೆ ಮೊದಲು ಹೇಗೆ ಮುಟ್ಟಿತು ಎಂದು ಚಲುವಮ್ಮ ಯೋಚಿಸದೆ ಇರಲಿಲ್ಲ. ಎಸ್ಟೇಟಿಗೆ ಕೊಟ್ಟಿಗೆ ಗೊಬ್ಬರದ ಲಾರಿ ಆ ಕಡೆಯಿಂದಲೇ ಬರುವುದು, ಲಾರಿಯವರು ಹೇಳಿರಬೇಕು. ಅದರ ಹಿಂದೆಯೇ ಅವಳಿಗೆ ಸಣ್ಣದೊಂದು ಕೋಪವೂ ಬಂತು. ಸತ್ತ ಸುದ್ದಿಯನ್ನೂ ನೇರ ಹೇಳದೆ ಮೂರನೆಯವರ ಬಾಯಲ್ಲಿ ಕಳಿಸಿದ್ದಾರಲ್ಲ ಓರಗಿತ್ತಿ!

ಒಳಗೆ ಹೋದರೆ ಅನುಶ್ರೀ ಫೋನು ಎದೆಗವಚಿಕೊಂಡು ಅಳುತ್ತಿದ್ದಳು.

"ನಿಂಗೂ ಗೊತ್ತಾಯ್ತಾ?"

"ಹೂಂ. ಫೋನಲ್ಲಿ ಬಂತು."

"ಎಂಥಾ ಗಂಟಲು ಕಣೆ ಅವರದ್ದು!" ಎಂದು ಚಲುವಮ್ಮ ಸೆರಗು ಬಾಯಿಗಿಟ್ಟಳು.

ಅಮ್ಮ ಇಷ್ಟೆಲ್ಲ ಗಮನಿಸಿದ್ದಾಳೆಂದು ಅನುಶ್ರೀಗೆ ಗೊತ್ತೇ ಇರಲಿಲ್ಲ. ಎದ್ದು ತಬ್ಬಿಕೊಂಡಳು. "ಹೌದಮ್ಮ. ಅಂಥ ಗಂಟಲು ಇನ್ನು ಹುಟ್ಟಲ್ಲ."

"ಏನೇ ಬೈದ್ರೂ ಮನಸ್ಸಲ್ಲಿ ಏನೂ ಇಟ್ಕತಿರಲಿಲ್ಲ."

"ಎಲ್ಲಾ ಹಾಡಲ್ಲೇ ಹೇಳಿಬಿಡೋರು," ಎಂದಳು ಅನುಶ್ರೀ.

ತಾಯಿಮಕ್ಕಳ ಅಳು ಯಮುನಾಳಿಗೆ ಕೇಳಿಸಿತು. ಯಮುನಾಳಿಂದ ರಸ್ತೆಗೆ, ರಸ್ತೆಯಿಂದ ಧರ್ಮೇಂದ್ರನಿಗೆ. ಸಣ್ಣಸ್ವಾಮಿ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಮನೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಧರ್ಮೇಂದ್ರ ಬಿಳಿ ಅಂಗಿ ತೊಟ್ಟು, ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. "ಧೈರ್ಯ ತಗೊಳ್ಳಿ," ಎಂದ ಒಬ್ಬ. "ಎಲ್ಲರಿಗೂ ಇದ್ದದ್ದೇ," ಎಂದ ಇನ್ನೊಬ್ಬ. ಸಣ್ಣಸ್ವಾಮಿ ಮೊದಲು ತನ್ನನ್ನೇ ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಹೆಂಡತಿ, ಮಗಳನ್ನು ಕಣ್ಣಲ್ಲೇ ಎಣಿಸಿದ. ಎಲ್ಲರೂ ಇದ್ದರು.

ಅಷ್ಟರಲ್ಲಿ ಜೀಪು ಬಂತು. ಕಪ್ಪು ಅಂಗಿಯ ಜಯಪ್ರಕಾಶ್ ಇಳಿದರು. ಕೈಯಲ್ಲಿ, ಬಂಗಲೆಯಲ್ಲಿದ್ದ ಗಾಯಕನ ಫೋಟೊಗೆ ಹಾಕಲು ತರಿಸಿದ್ದ ಸೇವಂತಿಗೆಯ ದೊಡ್ಡ ಹಾರ. ಬಂದವರೇ ಸಣ್ಣಸ್ವಾಮಿಯನ್ನು ಅಪ್ಪಿಕೊಂಡು, "ರೋಜರ್ ಹನ್ನಾ ಇನ್ನಿಲ್ಲ," ಎಂದರು. ಹಿಂದಿನಿಂದ ಚಲುವಮ್ಮ, "ರಾಜಣ್ಣ ಭಾವ ಹೋಗ್ಬುಟ್ರೂ..." ಎಂದು ಹಿಡಿದಿಟ್ಟಿದ್ದ ಅಳುವನ್ನೆಲ್ಲ ಬಿಟ್ಟಳು. ಎರಡೂ ಒಟ್ಟಿಗೇ ಬಿದ್ದದ್ದರಿಂದ ಒಬ್ಬರದ್ದು ಇನ್ನೊಬ್ಬರಿಗೆ ಕೇಳಲಿಲ್ಲ.

ಸಣ್ಣಸ್ವಾಮಿಯ ಹೆಗಲಿನಿಂದ ತಂತಿಯ ಸುರುಳಿ ಜಾರಿತು. ಅವನು ಕುರ್ಚಿಯಲ್ಲಿ ಕೂರಲಿಲ್ಲ, ನೆಲದಲ್ಲೇ ಕೂತುಬಿಟ್ಟ. ಗಂಡಸರು ಹಾಗೆ ಅಳುವುದನ್ನು ಆ ಬೀದಿ ನೋಡಿರಲಿಲ್ಲ. ಜಯಪ್ರಕಾಶರೂ ಪಕ್ಕದಲ್ಲಿ ಕೂತರು.

"ಎಷ್ಟೋ ವರ್ಷ ಆಗಿತ್ತು ಸಾರ್, ಒಂದು ಮಾತಾಡ್ಲಿಲ್ಲ ನಾನು ಅವರ ಹತ್ರ."

"ಯಾರು ಮಾತಾಡಿದ್ದಾರೆ ಸಣ್ಣಸ್ವಾಮಿ? ಅಷ್ಟು ದೊಡ್ಡವರು."

"ಒಂದು ಸಲ ಹೋಗಿ ಬಂದಿದ್ರೆ ಆಗಿತ್ತು."

"ನನಗೂ ಅದೇ ಆಸೆ ಇತ್ತು. ಶರ್ಮಿಳಾ ಬಿಡಲಿಲ್ಲ."

ಜಯಪ್ರಕಾಶ್ ಎದ್ದು ಧರ್ಮೇಂದ್ರನ ಬಳಿ, "ನಾನು ದೊಡ್ಡ ಅಭಿಮಾನಿ ಅಂತ ತಿಳ್ಕೊಂಡಿದ್ದೆ. ಈ ಮನುಷ್ಯನ ಮುಂದೆ ನಾನು ಎಂಥದ್ದೂ ಅಲ್ಲ," ಎಂದರು. ರಾಜಣ್ಣ ಅಷ್ಟು ಹೆಸರುವಾಸಿಯಾಗಿದ್ದರೇ ಎಂದು ಧರ್ಮೇಂದ್ರ ಬೆರಗಾದ. ಮನಸ್ಸಿನಲ್ಲೇ ಒಂದು ಶ್ರದ್ಧಾಂಜಲಿ ಭಾಷಣ ಕಟ್ಟತೊಡಗಿದ.

ಸಣ್ಣಸ್ವಾಮಿ ಕಣ್ಣೊರೆಸಿಕೊಂಡು ಎದ್ದ. "ನಾನು ಹೋಗ್ಬೇಕು ಸಾರ್. ಕೊನೇ ಸಲ ಮುಖ ನೋಡ್ಬೇಕು."

"ಅಲ್ಲಿಗಾ? ವೀಸಾ ಎಲ್ಲ..."

"ವೀಸಾ ಯಾಕೆ ಸಾರ್? ಕೊಣನೂರು ಬಸ್ಸು ಹತ್ತಿದ್ರೆ ಮುಕ್ಕಾಲು ಗಂಟೆ."

ಜಯಪ್ರಕಾಶ್ ಅವನ ಮುಖವನ್ನೇ ನೋಡಿದರು. ದುಃಖದಲ್ಲಿ ತಲೆ ಒಂದು ಸುತ್ತು ಹೋಗಿದೆ ಎಂದು ಅವರಿಗೆ ಖಚಿತವಾಯಿತು. ಇಂಥ ಹೊತ್ತಿನಲ್ಲಿ ಎದುರು ಮಾತಾಡಬಾರದು. "ಬಸ್ಸು ಬೇಡ. ಹತ್ತಿ ಜೀಪು," ಎಂದರು.

ಜೀಪಿನ ಮುಂದೆ ಜಯಪ್ರಕಾಶ್ ಮತ್ತು ಸಣ್ಣಸ್ವಾಮಿ, ಹಾರ ಸಣ್ಣಸ್ವಾಮಿಯ ತೊಡೆಯ ಮೇಲೆ. ಹಿಂದೆ ತಾಯಿಮಕ್ಕಳು ಮತ್ತು ಯಮುನಾ. ಅದರ ಹಿಂದೆ ಧರ್ಮೇಂದ್ರನ ಬೈಕು. ಕೂಡಿಗೆ ದಾಟಿದ ಮೇಲೆ ಚಲುವಮ್ಮ, "ನಿನ್ನ ದೊಡ್ಡಪ್ಪ ನಿನ್ನನ್ನ ಹೆಗಲ ಮೇಲೆ ಕೂರಿಸ್ಕಂಡು ಊರೆಲ್ಲ ತಿರುಗಿಸೋರು ಕಣೆ," ಎಂದಾಗ ಅನುಶ್ರೀಯ ಅಳು ಗಕ್ಕನೆ ನಿಂತಿತು. ದೊಡ್ಡಪ್ಪ? ರಾಜಣ್ಣ? ಹನ್ನಾ? ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. "ಅಪ್ಪಾ" ಎನ್ನಲು ಬಾಯಿ ತೆರೆದಳು. ಮುಂದೆ ಅಪ್ಪ ಹಾರವನ್ನು ಎರಡೂ ಕೈಯಲ್ಲಿ ಹಿಡಿದು, ಜೀಪು ಗುಂಡಿಗೆ ಇಳಿದಾಗಲೆಲ್ಲ ಹೂವು ಉದುರದ ಹಾಗೆ ಎತ್ತಿ ಹಿಡಿಯುತ್ತಿದ್ದ. ಈಗ ಹೇಳಿದರೆ ಜೀಪು ಇಲ್ಲೇ ತಿರುಗುತ್ತದೆ. ಇಲ್ಲಿ ತಿರುಗಿದರೆ ಅಪ್ಪ ಈ ಜನ್ಮದಲ್ಲಿ ಇನ್ನೊಮ್ಮೆ ಈ ದಾರಿ ಹಿಡಿಯುವವನಲ್ಲ. ಇನ್ನರ್ಧ ಗಂಟೆ ಅತ್ತರೆ ಏನೂ ಆಗುವುದಿಲ್ಲ. ಅನುಶ್ರೀ ಬಾಯಿ ಮುಚ್ಚಿ ಕಿಟಕಿಯಾಚೆ ನೋಡತೊಡಗಿದಳು.

ರಾಜಣ್ಣನ ಮನೆ ಮುಂದೆ ಶಾಮಿಯಾನ ಹಾಕಿತ್ತು. ಜನ ಇದ್ದರು, ಮೈಕು ಕಟ್ಟಿತ್ತು. ಅದನ್ನು ಕಂಡು ಚಲುವಮ್ಮ ಮತ್ತೊಮ್ಮೆ ಗೋಳೋ ಎಂದಳು. ಸಣ್ಣಸ್ವಾಮಿ ಹಾರ ಹಿಡಿದು ಇಳಿದು, ನೆಲ ನೋಡಿಕೊಂಡು, ತಡವರಿಸುತ್ತ ನಡೆದು ಶಾಮಿಯಾನದೊಳಗೆ ಹೋಗಿ ತಲೆ ಎತ್ತಿದರೆ, ಎದುರಿನ ಕುರ್ಚಿಯಲ್ಲಿ ಗರಿಗರಿ ಪಂಚೆಯುಟ್ಟ ರಾಜಣ್ಣ ಕಾಲಮೇಲೆ ಕಾಲು ಹಾಕಿ ಕೂತಿದ್ದ.

ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡಿದರು. ರಾಜಣ್ಣ ಎದ್ದ.

"ಬಂದ್ಯೇನೋ! ನಿಂಗ್ಯಾರು ಹೇಳಿದ್ರೋ, ನಾನು ಡೈರಿ ಡೈರೆಕ್ಟರ್ ಆಗಿದ್ದು?" ಎಂದವನೇ ಹಾರ ಹಾಕಿಸಿಕೊಳ್ಳಲು ತಲೆ ಬಗ್ಗಿಸಿದ.

ಬಗ್ಗಿದ ತಲೆಗೆ ಏನು ಮಾಡಬೇಕೋ ತಿಳಿಯದೆ ಸಣ್ಣಸ್ವಾಮಿ ಹಾರ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಸಣ್ಣಸ್ವಾಮಿ ಅಣ್ಣನ ಭುಜ, ತೋಳು, ಕೆನ್ನೆ ಎಲ್ಲ ಮುಟ್ಟಿ ನೋಡಿ, ಅವನ ಎದೆಗೆ ಹಣೆ ಒತ್ತಿ ಹೋ ಎಂದು ಅತ್ತ. "ಒಬ್ಬ ಡೈರೆಕ್ಟರಾದ್ರೆ ಇಷ್ಟು ಅಳ್ತಾರಾ ಮೂದೇವಿ," ಎಂದು ಗದರಿಸುತ್ತ ರಾಜಣ್ಣನೂ ಅತ್ತ. ಅಷ್ಟರಲ್ಲಿ ಬೈಕಿನಿಂದಿಳಿದು ಬಂದ ಧರ್ಮೇಂದ್ರನ ಕೈಗೆ ಯಾರೋ ಮೈಕು ಕೊಟ್ಟರು. ಕಟ್ಟಿಕೊಂಡು ಬಂದ ಭಾಷಣ ಹಾಳಾಗಬಾರದೆಂದು ಅವನು ‘ಆಗಿದ್ದರು’ ಎಂದಿದ್ದಲ್ಲೆಲ್ಲ ‘ಆಗಿದ್ದಾರೆ’ ಎಂದು ತಿದ್ದಿಕೊಂಡು ಪೂರ್ತಿ ಮಾಡಿದ. ‘ಅವರ ಆತ್ಮಕ್ಕೆ’ ಎಂಬಲ್ಲಿ ಮಾತ್ರ ಸ್ವಲ್ಪ ಕೆಮ್ಮಬೇಕಾಯಿತು.

ನಿಜಸ್ಥಿತಿ ಹೊರಬಿದ್ದದ್ದು ಊಟದ ಎಲೆಯ ಮುಂದೆ. ಚಲುವಮ್ಮ ಫೋನಿನ ಮಾತು ಹೇಳಿದಳು. ಜಯಪ್ರಕಾಶ್ ಅದನ್ನು ತಿದ್ದಿದರು. ರಾಜಣ್ಣ ತಾನು ಸತ್ತಿದ್ದನ್ನು ಕೇಳಿ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು ಕೂತ.

"ಹಂಗಾದ್ರೆ ಸತ್ತಿದ್ದು ಯಾರು?" ಎಂದ.

"ರೋಜರ್ ಹನ್ನಾ," ಎಂದರು ಜಯಪ್ರಕಾಶ್.

"ಅವರ್ಯಾರು ಸಾರ್?" ಎಂದ ಸಣ್ಣಸ್ವಾಮಿ.

ಮಾತು ಬಾಯಿಂದ ಹೊರಟ ಮೇಲೆಯೇ ಅವನಿಗೆ ತಾನು ಕೇಳಿದ್ದೇನೆಂದು ತಿಳಿದದ್ದು. ಅನುಶ್ರೀ ಕಣ್ಣು ಮುಚ್ಚಿಕೊಂಡಳು. ಜಯಪ್ರಕಾಶ್ ಎಲೆಯಿಂದ ಕೈ ತೆಗೆದರು.

"ಯಾರು ಅಂದ್ರೆ? ಸಣ್ಣಸ್ವಾಮಿ, ಇಷ್ಟು ಭಾನುವಾರ ನಾವು ಕೇಳಿದ್ದು ಯಾರನ್ನು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನು ಕೇಳ್ಲಿಲ್ಲ ಸಾರ್, ಮಲಗಿದ್ದೆ. ಆ ಬನಿಯನ್ನು ಮಗಳಿಗೆ ದೊಡ್ಡದಾಯ್ತು ಅಂತ ಹಾಕ್ಕೊಂಡಿದ್ದು. ನೀವು ಕೈ ಹಿಡ್ಕೊಂಡ್ರಿ. ಬಿಡ್ಸೋಕೆ ಮನಸ್ಸು ಬರಲಿಲ್ಲ."

"ಮತ್ತೆ ತಾಮ್ರ?"

"ಮೋಟಾರಿಂದು ಸಾರ್."

ಜಯಪ್ರಕಾಶ್ ತಮ್ಮ ಎಲೆಯ ಅನ್ನವನ್ನು ಬದಿಗೆ ಸರಿಸಿದರು. ಅವರಿಗೆ ಬೆಳಿಗ್ಗೆಯಿಂದ ಇದು ಎರಡನೆಯ ಸಾವು. ಆಮೇಲೆ, "ಮೋಟಾರಿಂದಾದರೂ ಮಾತು ಸರಿಯೇ ಉಂಟು," ಎಂದು ಅನ್ನಕ್ಕೆ ಸಾರು ಬಡಿಸಿಕೊಂಡರು. ಎದುರಿನ ಎಲೆಯಿಂದ ಅನುಶ್ರೀ, "ಅಂಕಲ್, ನಾನಂತೂ ನಿಜವಾದ ಅಭಿಮಾನಿ," ಎಂದಳು ಸಣ್ಣ ದನಿಯಲ್ಲಿ.

"ಅದು ನನಗೆ ಗೊತ್ತುಂಟಮ್ಮ. ನೀನು ಜಗಳ ಮಾಡ್ತೀಯಲ್ಲ," ಎಂದರು ಜಯಪ್ರಕಾಶ್.

ರಾಜಣ್ಣನ ಹೆಂಡತಿ ಸಣ್ಣಸ್ವಾಮಿಯ ಎಲೆಗೆ ತುಪ್ಪ ಹಾಕುತ್ತ, "ಆ ಮೋಟಾರು ನಿಮ್ಮ ತಪ್ಪಲ್ಲ ಕಣಪ್ಪ. ಆಮೇಲೂ ಎರಡು ಸಲ ಸುಟ್ಟೋಯ್ತು. ವೋಲ್ಟೇಜೇ ಸರಿ ಇಲ್ಲ. ಇವರಿಗೆ ಆಗಲೇ ಗೊತ್ತಾಗಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ," ಎಂದಳು. ರಾಜಣ್ಣ ಇದ್ಯಾವುದೂ ಕೇಳದವನಂತೆ ಮಜ್ಜಿಗೆ ಕೇಳಿದ. ಆ ಮನೆಯಲ್ಲಿ ಕ್ಷಮೆ ಕೇಳುವುದು ಎಂದರೆ ಅಷ್ಟೇ. ಸಣ್ಣಸ್ವಾಮಿಗೆ ಅದು ಸಾಕಾಯಿತು.

ಊಟ ಮುಗಿದು ಜನ ಜಗಲಿಯಲ್ಲಿ ಎಲೆಯಡಿಕೆಗೆ ಕೂತಾಗ ರಾಜಣ್ಣ ಜಯಪ್ರಕಾಶರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. "ನನ್ನ ಹೆಸರಲ್ಲಿ ಸತ್ತೋನು ಅವನು. ಅವನ ಹಾರ ನಾನು ಹಾಕ್ಕೊಂಡು ಕೂತಿದ್ದೀನಿ. ಸುಮ್ಮನಿರೋದು ಚೆಂದಾಗಿರಲ್ಲ. ಮೈಕೈತೆ, ಹಾಕ್ಸಿ ಅವನ ಹಾಡು."

ಅನುಶ್ರೀ ಫೋನಿಗೆ ಮೈಕಿನ ವೈರು ಸಿಕ್ಕಿಸಿದಳು. ಯಾವ ಹಾಡು ಎಂದು ಜಯಪ್ರಕಾಶರ ಮುಖ ನೋಡಿದಳು; ಅವರು ತಲೆಯಾಡಿಸಿದರು; ಇಬ್ಬರಿಗೂ ಅದೇ ಹಾಡು ಮನಸ್ಸಿನಲ್ಲಿತ್ತು. ಮೊದಲು ಗಿಟಾರು ಒಂದೇ ಕೆರೆಯಿತು. ಕೊಟ್ಟಿಗೆಯ ಹಸುಗಳು ಕಿವಿ ನಿಮಿರಿಸಿದವು. ಆಮೇಲೆ ಡ್ರಮ್ಮು. ಆಮೇಲೆ, ಸುಟ್ಟ ಗಂಟಲಿನ ಆಳದಿಂದ ರೋಜರ್ ಹನ್ನಾನ ದನಿ ಎದ್ದು, ಏರಿ, ತಂಬಾಕಿನ ಹೊಲ ದಾಟಿ ಕಾಲುವೆಯ ಆಚೆ ದಡದವರೆಗೆ ಹೋಯಿತು. ಜಯಪ್ರಕಾಶ್ ಕಣ್ಣೀರು ಒರೆಸಿಕೊಳ್ಳಲಿಲ್ಲ. ಅನುಶ್ರೀ ಅವರ ಕೈ ಹಿಡಿದುಕೊಂಡಳು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದುಕರು ಹಚ್ಚುವುದನ್ನು ಬಿಟ್ಟು ಕೂತರು. ಸಣ್ಣಸ್ವಾಮಿ ಅಣ್ಣನ ಕಾಲಬುಡದ ಮೆಟ್ಟಿಲ ಮೇಲೆ ಕೂತು, ಒಂದು ಪದವೂ ಅರ್ಥವಾಗದೆ, ಪೂರ್ತಿ ಕೇಳಿದ.

ಹಾಡು ಮುಗಿಯಿತು. ರಾಜಣ್ಣ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೇಳಿದ:

"ಇಷ್ಟೊಂದು ಯಾರನ್ನ ಬೈತಿದ್ದಾನೆ?"

"ಬೈತಾ ಇಲ್ಲ ದೊಡ್ಡಪ್ಪ. ಅವರು ಹಾಡೋದೇ ಹಾಗೆ," ಎಂದಳು ಅನುಶ್ರೀ.

"ನಂಗೇ ಹೇಳ್ತೀಯಾ?" ಎಂದ ರಾಜಣ್ಣ. "ಹೊಟ್ಟೆಯಿಂದ ಹಿಂಗೆ ಕೂಗ್ಬೇಕಾದ್ರೆ ಅವನಿಗೂ ಒಬ್ಬ ತಮ್ಮ ಇರ್ಲೇಬೇಕು."